ಕಡಿತವಿಲ್ಲದ ಕಳವು

ಸುಮಿತ ಪೊರಕೆ ಹಿಡಿದು ಗಾಜಿನ ಚೂರು ಗುಡಿಸುತ್ತಿದ್ದ. ಗಂಗಾದೇವಿ ಬಾಗಿಲಲ್ಲಿ ಬಂದು ನಿಂತದ್ದನ್ನು ನೋಡಿಯೂ ತಲೆ ಎತ್ತಲಿಲ್ಲ.

ಖಾನಾಪುರದ ಸ್ಟೇಶನ್ ರಸ್ತೆಯಲ್ಲಿದ್ದ ಆ ಸಣ್ಣ ಕಂಪ್ಯೂಟರ್ ಅಂಗಡಿಯ ಮುಂದಿನ ಗಾಜು ಹಿಂದಿನ ಸಂಜೆ ಪುಡಿಯಾಗಿತ್ತು. ಕಲ್ಲು ಒಗೆದವರು ಯಾರೆಂದು ಊರಿಗೆಲ್ಲ ಗೊತ್ತು, ಹೇಳುವವರು ಮಾತ್ರ ಯಾರೂ ಇಲ್ಲ. ಹಂಚಿನ ಕಾರ್ಖಾನೆಯ ಸರದಾರಸಾಬನ ಪಿಎಫ್ ದುಡ್ಡು ಖಾಲಿಯಾಗಿದೆ. ಊರಲ್ಲಿ ಪಿಎಫ್ ಕೆಲಸ ಮಾಡಿಕೊಡುವವನು ಸುಮಿತ. ಹಾಗಾದರೆ ಕಳ್ಳನೂ ಅವನೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಲೆಕ್ಕ ಯಾವ ಊರಲ್ಲೂ ಬೇಗ ಬಗೆಹರಿಯುತ್ತದೆ.

ಈ ಲೆಕ್ಕವನ್ನು ಮೊದಲು ಬಾಯಿಬಿಟ್ಟು ಹೇಳಿದವನು ಸರದಾರಸಾಬನ ಅಳಿಯ, ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ನೋಡುವ ಉಜೈರ. ಬೆಳಗಾವಿಯ ಹಿಂದವಾಡಿಯಲ್ಲಿ ಗಂಗಾದೇವಿಯ ಮನೆ ಹುಡುಕಿಕೊಂಡು ಬಂದು, ಮುಂಗಡ ಕೊಟ್ಟು, ಅತ್ತೆಯ ಆಪರೇಶನ್ನಿಗೆ ಆಧಾರವಾಗಿದ್ದ ದುಡ್ಡು ಹೋಯಿತೆಂದು ಕಣ್ಣೀರು ಹಾಕಿದವನೂ ಅವನೇ. ಹೆಡ್ ಕಾನ್‌ಸ್ಟೇಬಲ್ ಆಗಿ ಸವೆದು, ಈಗ ಖಾಸಗಿ ಪತ್ತೇದಾರಿಕೆ ಹಿಡಿದಿರುವ ಗಂಗಾದೇವಿಗೆ ಅಳುವ ಗಂಡಸರನ್ನು ಕಂಡರೆ ಕರುಣೆ ಸ್ವಲ್ಪ ಜಾಸ್ತಿ. ಅವನ ಮಾತು ಕೇಳಿ ಅವಳು ಮೊದಲ ದಿನವೇ ಈ ಅಂಗಡಿಗೆ ಬಂದಿದ್ದಳು. ರಸ್ತೆಯವರೆಲ್ಲ ಕೇಳುವ ಹಾಗೆ, ಹಳೆಯ ಪೊಲೀಸ್ ದನಿಯಲ್ಲಿ ಸುಮಿತನನ್ನು ಗದರಿಸಿದ್ದಳು. ಕಲ್ಲು ಒಗೆದವರ ಕೈಗೆ ಕಲ್ಲು ಕೊಟ್ಟವಳು ತಾನೇ ಅನ್ನುವುದು ಈಗ ಅವಳಿಗೆ ಚುಚ್ಚುತ್ತಿತ್ತು.

"ಮತ್ತೇನ್ ಕೇಳಾಕ ಬಂದ್ರಿ ಮೇಡಮ್?" ಅಂದ ಸುಮಿತ, ಇನ್ನೂ ನೆಲ ನೋಡುತ್ತಲೇ.

"ಬೈಯ್ಯಾಕ ಅಲ್ಲಪಾ. ತಿಳಕೊಳ್ಳಾಕ ಬಂದೀನಿ."

ಅವನು ಸ್ಟೂಲನ್ನು ಕಾಲಿಂದ ಅವಳ ಕಡೆ ಸರಿಸಿದ. ಮರಾಠಿ ಮನೆಯ ಹುಡುಗ, ಸಿಟ್ಟು ಬಂದಾಗ ಮಾತು ಮರಾಠಿಗೆ ಹೊರಳುತ್ತಿತ್ತು. ಇವತ್ತು ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿದ್ದರಿಂದ ಕನ್ನಡದಲ್ಲೇ ಉಳಿದಿತ್ತು.

ಗಂಗಾದೇವಿ ಕೇಳಿದಳು, ಅವನು ಹೇಳಿದ. ಸರದಾರಸಾಬ ಹಂಚು ಸುಡುವ ಭಟ್ಟಿ ಕಾಯುತ್ತ ಬಂದದ್ದು ಒಂದೇ ಕಾರ್ಖಾನೆಯಲ್ಲಿ. ಆದರೆ ಆ ಕಾರ್ಖಾನೆಗೆ ಮಾಲೀಕರು ಬದಲಾಗುತ್ತಲೇ ಇದ್ದರು. ಭಟ್ಟಿ ಅದೇ, ಮಣ್ಣು ಅದೇ, ಗೇಟಿನ ಬೋರ್ಡು ಮಾತ್ರ ಹೊಸದು. ಬೋರ್ಡು ಬದಲಾದಾಗೆಲ್ಲ ಕೆಲಸಗಾರರಿಗೆ ಹೊಸ ಪಿಎಫ್ ಖಾತೆ. ಹೀಗೆ ಒಬ್ಬ ಮನುಷ್ಯನ ದುಡಿಮೆ ಮೂರು ತುಂಡಾಗಿತ್ತು, ಒಂದೊಂದು ತುಂಡೂ ಐದು ವರ್ಷಕ್ಕಿಂತ ಕಡಿಮೆ. ಐದು ವರ್ಷ ತುಂಬದ ಖಾತೆಯನ್ನು ಮುರಿದು ದುಡ್ಡು ತೆಗೆದರೆ ಹತ್ತರಲ್ಲೊಂದು ಪಾಲನ್ನು ತೆರಿಗೆಗೆಂದು ಅಲ್ಲೇ ಹಿಡಿದುಕೊಳ್ಳುತ್ತಾರೆ.

"ನನ್ನ ಕಡೆ ಬಂದವರಿಗೆಲ್ಲ ನಾ ತುಂಡು ತುಂಡಾಗೇ ತಗದ ಕೊಡೂದು," ಅಂದ ಸುಮಿತ. "ಜಲ್ದಿ ಆಗತೈತಿ. ಕಡಿತ ಆದ್ರ ಅದು ಅವರ ನಸೀಬ. ನನ್ನ ಕಮಿಶನ್ ನನಗ ಬರತೈತಿ. ಖರೇ ಹೇಳಾಕತ್ತೀನಿ, ನಾ ಏನ್ ದೇವರಂಥಾ ಮನಶ್ಯಾ ಅಲ್ಲ."

ಗಂಗಾದೇವಿ ಪರ್ಸಿನಿಂದ ಕನ್ನಡಕ ತೆಗೆದು ಹಾಕಿಕೊಂಡಳು. ಓದುವುದಕ್ಕೆ ಎದುರಿಗೆ ಏನೂ ಇರಲಿಲ್ಲ. ಯೋಚನೆ ಮಾಡುವಾಗ ಕನ್ನಡಕ ಹಾಕಿಕೊಳ್ಳುವುದು ಅವಳ ರೂಢಿ.

ಸರದಾರಸಾಬನ ಖಾತೆಯ ವಿವರ ಅವಳು ನೋಡಿದ್ದಳು. ಕಳೆದ ವರ್ಷ ಯಾರೋ ಆ ಮೂರು ತುಂಡುಗಳನ್ನು ಒಂದಕ್ಕೊಂದು ಸೇರಿಸಿದ್ದರು. ಸೇರಿಸುವ ಕೆಲಸ ಮುಗಿಯಲು ವಾರಗಟ್ಟಲೆ ಹಿಡಿದಿತ್ತು. ಆ ಯಾರೋ ಅಷ್ಟೂ ದಿನ ಕಾದಿದ್ದರು. ಆಮೇಲೆ ಮನೆಯವರ ಕಾಯಿಲೆಗೆ ಎಂದು ಕಾರಣ ಕೊಟ್ಟು ದುಡ್ಡು ಕೇಳಿದ್ದರು. ಕಾಯಿಲೆಗೆ ತೆಗೆದರೆ ದಂಡವಿಲ್ಲ, ತೆರಿಗೆಯಿಲ್ಲ. ಹಾಗೆ ಎರಡು ಸಲ ತೆಗೆದು, ನಿಯಮದಂತೆ ಉಳಿಯಲೇಬೇಕಾದ ಒಂದಿಷ್ಟು ಬಿಟ್ಟು ಉಳಿದದ್ದನ್ನೆಲ್ಲ ಬಳಿದಿದ್ದರು. ಒಂದು ಪೈಸೆಯೂ ಕಡಿತವಾಗಿರಲಿಲ್ಲ.

ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಅನ್ನುವವನು ಕಳ್ಳ. ಕದ್ದ ದುಡ್ಡಿನಲ್ಲಿ ಹತ್ತರಲ್ಲೊಂದು ಪಾಲು ಹೋದರೆ ಅವನಿಗೇನು? ಸಿಕ್ಕಷ್ಟು ಬಾಚಿಕೊಂಡು ಓಡುತ್ತಾನೆ. ಕಡಿತವಾಗಬಾರದೆಂದು ವಾರಗಟ್ಟಲೆ ಕಾಯುವವರು ಆ ದುಡ್ಡನ್ನು ತಮ್ಮದು ಅಂದುಕೊಂಡವರು. ಇದು ಅಂಗಡಿಯವನ ಕೆಲಸವಲ್ಲ. ಮನೆಯವರ ಕೆಲಸ.

ಮೊದಲ ದಿನವೇ ಹೊಳೆಯಬೇಕಾಗಿದ್ದ ಮಾತಿದು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಅಷ್ಟರಲ್ಲಿ ಹುಡುಗನ ಗಾಜು ಹೋಗಿತ್ತು.

"ಸರದಾರಸಾಬರ ಮನಿಯಿಂದ ಯಾರರೆ ನಿನ್ನ ಕಡೆ ಬಂದಿದ್ರೇನು?"

"ಚಾಚಿ ಬಂದಿದ್ರು. ರಾಜಬೀ ಚಾಚಿ. ಹೋದ ವರ್ಷ ರಮಜಾನ್ ಮುಂದ. ಕಡಿತ ಇಲ್ದಂಗ ರೊಕ್ಕ ಹೆಂಗ ತಗೀಬೇಕು ಅಂತ ಕೇಳಿದ್ರು. ಜೋಡಿಸಬೇಕು, ತಡಾ ಆಗತೈತಿ, ನನಗ ಪುರಸೊತ್ತಿಲ್ಲ ಅಂದೆ. ತಿರುಗಿ ಬರಲಿಲ್ಲ."

"ಇದನ್ನ ಅವತ್ತ ಯಾಕ ಹೇಳಲಿಲ್ಲಪಾ?"

ಸುಮಿತ ಮೊದಲ ಸಲ ಅವಳ ಮುಖ ನೋಡಿದ. "ಅವತ್ತ ನೀವು ಎಷ್ಟು ತಿಂದಿ ಅಂತ ಕೇಳಿದ್ರಿ ಮೇಡಮ್. ಯಾರು ಬಂದಿದ್ರು ಅಂತ ಕೇಳಲಿಲ್ಲ."

ಗಂಗಾದೇವಿ ಸ್ಟೂಲಿನಿಂದ ಎದ್ದಳು. ಸಂಜೆಯ ಒಳಗೆ ನಿನ್ನ ಹೆಸರು ತೊಳೆದು ಕೊಡುತ್ತೇನೆ, ಗಾಜೂ ನನ್ನ ಲೆಕ್ಕಕ್ಕೆ, ಅಂದಳು. ಸುಮಿತ ನಂಬಿದ ಹಾಗೆ ಕಾಣಲಿಲ್ಲ. ಮತ್ತೆ ಪೊರಕೆ ಹಿಡಿದ.

ಬೆಳಗಾವಿ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ದೇಸೂರು ದಾಟಿತು, ಮಚ್ಛೆ ಬಂತು. ಗಂಗಾದೇವಿಯ ತಲೆಯೊಳಗೆ ಸರದಾರಸಾಬ ಕೂತಿದ್ದ.

ಭಟ್ಟಿಯ ಗೋಡೆಯಲ್ಲಿ ಬೆಂಕಿ ನೋಡುವುದಕ್ಕೊಂದು ಕಿಂಡಿ ಇರುತ್ತದೆ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಅದರಲ್ಲಿ ಇಣುಕಿ, ಬೆಂಕಿಯ ಬಣ್ಣ ನೋಡಿ ಹಂಚು ಬೆಂದಿದೆಯೋ ಇಲ್ಲವೋ ಹೇಳುವ ಮನುಷ್ಯ ಅವನು. ಯಾವ ಮಳೆಗಾಲದಲ್ಲಿ ಯಾವ ಭಟ್ಟಿ ಕೆಟ್ಟಿತು ಅಂತ ಇವತ್ತಿಗೂ ನೆನಪಿದೆ. ಮಣ್ಣು, ಬಿಸಿ ಹಂಚು ಹಿಡಿದೂ ಹಿಡಿದೂ ಹೆಬ್ಬೆರಳಿನ ಗೆರೆಗಳು ಅಳಿಸಿಹೋಗಿವೆ. ರೇಶನ್ ಅಂಗಡಿಯ ಯಂತ್ರಕ್ಕೆ ಅವನ ಬೆರಳು ಹತ್ತುವುದಿಲ್ಲ. ಎಲ್ಲಿ ಹೋದರೂ ಮುಖ ತೋರಿಸಬೇಕು, ಫೋನಿನ ಮುಂದೆ ಕಣ್ಣು ಮಿಟುಕಿಸಬೇಕು. ಪಿಎಫ್ ದುಡ್ಡು ತೆಗೆಯುವಾಗಲೂ ಅವನ ಮುಖದ ಮುಂದೆ ಯಾರೋ ಫೋನು ಹಿಡಿದಿದ್ದರು, ಅವನು ಕಣ್ಣು ಮಿಟುಕಿಸಿದ್ದ. ಯಾರು ಹಿಡಿದಿದ್ದರು ಅಂತ ಅವಳು ಕೇಳಿದಾಗಲೆಲ್ಲ ಒಂದೇ ಉತ್ತರ, ನೆನಪಿಲ್ಲ. ಬ್ಯಾಂಕಿಗೆ ಹೋಗಿ ದುಡ್ಡು ಯಾರ ಕೈ ಸೇರಿತು ನೋಡೋಣ ಅಂದರೆ ಒಂದು ದಿನ ಮೊಣಕಾಲು ನೋವು, ಇನ್ನೊಂದು ದಿನ ಭಟ್ಟಿಗೆ ಬೆಂಕಿ ಇಟ್ಟಿದ್ದೇನೆ ಅನ್ನುತ್ತಿದ್ದ.

ದುಡ್ಡು ಕಳೆದುಕೊಂಡವನೇ ಕಳ್ಳನನ್ನು ಬಚ್ಚಿಡುತ್ತಿದ್ದ. ಯಾರಿಗಾಗಿ ಅನ್ನುವುದು ಈಗ ಗಂಗಾದೇವಿಗೆ ಗೊತ್ತಾಗಿತ್ತು. ಗೊತ್ತಾಗದೆ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಇಂಥ ಪತ್ತೇದಾರಿಕೆಯಲ್ಲಿ ಗೆದ್ದವರ ಮುಖವೇ ಸೋತವರ ಹಾಗೆ ಕಾಣುತ್ತದೆ.

ನೆಹರು ನಗರದ ದೊಡ್ಡ ಆಸ್ಪತ್ರೆಯಲ್ಲಿ ಹೆಂಗಸರ ವಾರ್ಡಿನ ಕೊನೆಯ ಮಂಚ ಸರದಾರಸಾಬನ ಹೆಂಡತಿ ರಾಜಬೀಯದು. ತಲೆಯ ಮೇಲೆ ದುಪಟ್ಟಾ ಎಳೆದುಕೊಂಡು, ದಿಂಬಿಗೆ ಒರಗಿ, ಗೋಡೆ ನೋಡುತ್ತ ಕೂತಿದ್ದಳು. ಮಗಳು ತಸ್ಲೀಮಾ, ಉಜೈರನ ಹೆಂಡತಿ, ಮೋಸಂಬಿ ಸುಲಿಯುತ್ತಿದ್ದಳು. ಸರದಾರಸಾಬ ಹೊರಗೆ ಮೊಗಸಾಲೆಯ ಬೆಂಚಿನ ಮೇಲಿದ್ದ.

ಎದೆಯ ವಾಲ್ವು ಬದಲಿಸಬೇಕು, ನಾಳೆ ಬೆಳಿಗ್ಗೆಯೇ ಆಪರೇಶನ್ ಅಂತ ಡಾಕ್ಟರು ಹೇಳಿಯಾಗಿತ್ತು. ಇನ್ನು ತಡ ಮಾಡಿದರೆ ತಮ್ಮ ಕೈಯಲ್ಲಿಲ್ಲ ಅಂತಲೂ ಹೇಳಿದ್ದರು. ಸರ್ಕಾರದ ಕಾರ್ಡಿತ್ತು, ಆದರೆ ಅವಳಿಗೆ ಬೇಕಾದ ವಾಲ್ವು ಆ ಕಾರ್ಡಿನಲ್ಲಿ ಬರುತ್ತಿರಲಿಲ್ಲ. ಕೊನೆಗೆ ದುಡ್ಡಿನ ವ್ಯವಸ್ಥೆ ನಾನು ಮಾಡುತ್ತೇನೆ ಅಂತ ಉಜೈರ ಮುಂದೆ ಬಂದಿದ್ದ. ಈಗ ಬೇಕಾಗಿದ್ದದ್ದು ರಾಜಬೀಯ ಒಂದು ಸಹಿ. ಒಪ್ಪಿಗೆಯ ಕಾಗದ ಎರಡು ದಿನದಿಂದ ಔಷಧದ ತಟ್ಟೆಯ ಕೆಳಗೆ ಬಿದ್ದಿತ್ತು. ಅವಳು ಒಲ್ಲೆ ಅನ್ನುತ್ತಿದ್ದಳು. ಯಾಕೆ ಅಂದರೆ ಗೋಡೆ ನೋಡುತ್ತಿದ್ದಳು. ಕತ್ತರಿಗೆ ಹೆದರಿದ್ದಾಳೆ ಅಂತ ಮನೆಯವರು ತಿಳಿದಿದ್ದರು.

ಗಂಗಾದೇವಿ ತಸ್ಲೀಮಾಳನ್ನು ಚಹಾ ತರುವ ನೆವದಲ್ಲಿ ಹೊರಗೆ ಕಳಿಸಿದಳು. ಸ್ಟೂಲನ್ನು ಮಂಚದ ಹತ್ತಿರ ಎಳೆದುಕೊಂಡಳು. ಪೊಲೀಸ್ ದನಿ ಈ ಸಲ ಬರದ ಹಾಗೆ ನೋಡಿಕೊಂಡಳು.

"ರಾಜಬೀ, ಸುಮಿತನ ಅಂಗಡಿ ಗಾಜು ಒಡದ್ರು, ಗೊತ್ತೇನು?"

ರಾಜಬೀ ದುಪಟ್ಟಾವನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.

"ಆ ಹುಡುಗ ರೊಕ್ಕ ತಗದಿಲ್ಲ. ತಗದವರಿಗೆ ನಿಮ್ಮ ಯಜಮಾನರ ಒಂದು ಪೈಸಾನೂ ಹಾಳಾಗಬಾರದು ಅಂತ ಇತ್ತು. ಅದಕ್ಕ ಮೂರೂ ಖಾತಿ ಜೋಡಿಸಿ, ಕಾದು, ಆಮ್ಯಾಲ ತಗದಾರ. ಹಂಗ ಕಾಯೂದು ಮನಿ ಹೆಣಮಕ್ಕಳು. ಹಾಲು ಉಕ್ಕಬಾರದು ಅಂತ ಒಲಿ ಮುಂದ ನಿಂತ ಕಾಯತಾರಲ್ಲ, ಹಂಗ."

ಪಕ್ಕದ ಮಂಚದ ಮುದುಕಿ ಕೆಮ್ಮಿ ಮಗ್ಗಲು ಬದಲಿಸಿದಳು.

"ಹೌದ್ರಿ ಅಕ್ಕಾರ," ಅಂದಳು ರಾಜಬೀ. "ನಾನ ತಗದೆ."

ಆಮೇಲೆ ಅವಳಿಗೆ ತಡೆಯುವುದಾಗಲಿಲ್ಲ. ಓಣಿಯ ಹೆಂಗಸರದೊಂದು ಭಿಸಿ ಇತ್ತು. ತಿಂಗಳು ತಿಂಗಳು ಎಲ್ಲರೂ ದುಡ್ಡು ಹಾಕುವುದು, ಚೀಟಿ ಎತ್ತಿ ಒಬ್ಬೊಬ್ಬರಿಗೆ ಇಡಿಗಂಟು ಕೊಡುವುದು. ಗಂಟು ನಡೆಸುವವಳು ರಾಜಬೀ. ಅವಳ ಬಾಯಿಮಾತಿನ ಮೇಲೆ ಲಿಂಗಾಯತರ ಮನೆಯವರು, ಮರಾಠರ ಮನೆಯವರು, ತಮ್ಮ ಮಂದಿ, ಎಲ್ಲರೂ ಸೇರಿದ್ದರು. ಮೊದಲು ಗಂಟು ಎತ್ತಿದ ಕೆಲವರು ಗೋವಾಕ್ಕೆ ದುಡಿಯಲು ಹೋದವರು ತಿರುಗಿ ಬರಲಿಲ್ಲ, ಫೋನೂ ಎತ್ತಲಿಲ್ಲ. ಭಿಸಿಯಲ್ಲಿ ಯಾರು ಓಡಿಹೋದರೂ ನಡೆಸುವವಳು ತುಂಬಿ ಕೊಡಬೇಕು. ಯಾರೂ ಬರೆದಿಟ್ಟದ್ದಲ್ಲ, ಆದರೆ ಓಣಿಯಲ್ಲಿ ತಲೆ ಎತ್ತಿ ನಡೆಯಬೇಕಾದರೆ ಅದೇ ಕಾನೂನು. ಹಿಂದಿನ ಮನೆಯ ಮಾಯಕ್ಕ ಮಗಳ ಲಗ್ನಕ್ಕೆಂದು ಆ ಗಂಟನ್ನೇ ನಂಬಿ ಕೂತಿದ್ದಳು. ಅಕ್ಷತೆಯ ದಿನ ನಿಗದಿಯಾಗಿತ್ತು.

ಗಂಡನಿಗೆ ಹೇಳಬಹುದಿತ್ತು. ಹೇಳಲಿಲ್ಲ. ಭಿಸಿ ಗಿಸಿ ಬೇಡ ಅಂತ ಅವನು ಮೊದಲೇ ಹೇಳಿದ್ದ. ಅವನು ಬೈಯುವವನಾಗಿದ್ದರೆ ಹೇಳಿಬಿಡುತ್ತಿದ್ದಳು. ಸುಮ್ಮನಾಗುವವನು, ಅದಕ್ಕೇ ಹೆದರಿದಳು.

"ಫೋನಿನ್ಯಾಗ ಕಾರಣ ಕೇಳತೈತಿ ಅಂದ್ರು. ಮನಿಯಾಗ ಯಾರಿಗೆ ಬ್ಯಾನಿ ಅಂತ ಹಾಕೂಣು ಅಂದ್ರು. ನನಗ ಅಂತ ಹಾಕು ಅಂದೆ. ಏನ್ ಬ್ಯಾನಿ ಅಂದ್ರು. ಎದಿ ಬ್ಯಾನಿ ಅಂದೆ." ರಾಜಬೀ ತನ್ನ ಎದೆಯ ಮೇಲೆ ಅಂಗೈ ಇಟ್ಟಳು. "ಅವಾಗ ನನಗ ಏನೂ ಇರಲಿಲ್ಲರಿ. ಬಾವಿಯಿಂದ ಎರಡು ಕೊಡ ಒಮ್ಮೆಲೆ ತರತಿದ್ದೆ. ಸುಳ್ಳ ಬ್ಯಾನಿ ಹೇಳಿ ರೊಕ್ಕ ತಗದೆ. ಬ್ಯಾನಿ ಹಾದಿ ಕೇಳಕೋತ ಮನಿಗೆ ಬಂತು."

ಇಷ್ಟು ದಿನ ಈ ಹೆಂಗಸು ಹೆದರಿದ್ದು ಕತ್ತರಿಗಲ್ಲ. ತಾನೇ ಬಾಯಿಂದ ಕರೆದ ಕಾಯಿಲೆಯನ್ನು ತಾನೇ ಅನುಭವಿಸಿ ತೀರಿಸಬೇಕು ಅಂತ ಕೂತಿದ್ದಳು. ದಂಡವಿಲ್ಲದೆ ತೆಗೆದ ದುಡ್ಡಿಗೆ ಅವಳೇ ತನ್ನ ಮೇಲೆ ದಂಡ ಹಾಕಿಕೊಂಡಿದ್ದಳು.

"ಬ್ಯಾನಿ ಯಾರ ಮಾತೂ ಕೇಳಿ ಬರೂದಿಲ್ಲ, ರಾಜಬೀ. ನಿಮ್ಮ ವಾಲ್ವು ಹುಟ್ಟಿದಾಗಿಂದ ಸರಿ ಇಲ್ಲ ಅಂತ ಡಾಕ್ಟರು ಹೇಳ್ಯಾರ. ನೀವು ಬಾವಿಗೆ ಹೋಗೂಮುಂದನೂ ಅದು ಹಂಗ ಇತ್ತು."

"ಇರಲಿ. ಆಪರೇಶನ್ ರೊಕ್ಕ ನಮ್ಮ ಅಳಿಯಾ ಕೊಡತಾನ. ಅದಕ್ಕ ಬದಲಿ ಇವರು ಖಾನಾಪುರದ ಮನಿ ಅವನ ಹೆಸರಿಗೆ ಮಾಡಾಕ ಒಪ್ಪ್ಯಾರ. ಆ ಮನಿ ಮ್ಯಾಲಿನ ಒಂದೊಂದು ಹಂಚೂ ಇವರ ಸುಟ್ಟದ್ದು. ನಾ ಇವರ ಗಂಟು ತಿಂದೆ, ಈಗ ಮನಿನೂ ತಿನ್ನಲೇನು?" ಅಂದು ಸ್ವಲ್ಪ ತಡೆದಳು. "ಖಾತ್ಯಾಗ ನಾ ಅರ್ಧಕ್ಕಿಂತ ಜಾಸ್ತಿ ಬಿಟ್ಟಿದ್ದೆರಿ. ಭಿಸಿಗೆ ಬೇಕಾದಷ್ಟ ತಗದೆ. ಒಂದೇ ಸಲ. ಉಳಿದದ್ದು ಅವರ ಮುಪ್ಪಿಗೆ ಆಗತೈತಿ ಅಂತ. ಅದನ್ನ ನನ್ನ ಎದಿಗೆ ಸುರಿಯೂದು ಬ್ಯಾಡ."

ಗಂಗಾದೇವಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಒರೆಸುವಂಥ ಧೂಳೇನೂ ಇರಲಿಲ್ಲ.

ಒಂದೇ ಸಲ. ಖಾತೆಯಲ್ಲಿ ಕಂಡದ್ದು ಎರಡು ಸಲ. ಎರಡನೆಯದು ದೊಡ್ಡ ಮೊತ್ತ, ರಾಜಬೀ ಹಾಸಿಗೆ ಹಿಡಿದ ಮೇಲೆ ತೆಗೆದದ್ದು. ದುಡ್ಡು ಕಳುವಾಗಿದೆ ಅಂತ ಮನೆಯವರು ಮಾತಾಡಿಕೊಂಡಾಗಲೆಲ್ಲ, ಇವರು ಹುಡುಕುತ್ತಿರುವುದು ನನ್ನನ್ನೇ ಅಂತ ಈಕೆ ಒಳಗೊಳಗೇ ಕುದಿದಿದ್ದಳು. ಉಳಿದದ್ದೂ ಹೋಗಿದೆ ಎಂಬುದು ಈಕೆಗೆ ಗೊತ್ತೇ ಇರಲಿಲ್ಲ. ಈ ಎದೆಗೆ ಈಗ ಆ ಮಾತನ್ನು ಹೇಳುವುದು ಆಗದ ಕೆಲಸ. ಗಂಗಾದೇವಿ ನುಂಗಿಕೊಂಡಳು.

"ಫೋನಿನ್ಯಾಗ ಮಾಡಿಕೊಟ್ಟವರು ಯಾರು?"

ರಾಜಬೀ ತಲೆ ಅಲ್ಲಾಡಿಸಿದಳು. ಅವರು ಒಂದು ಚಹಾದ ದುಡ್ಡೂ ಮುಟ್ಟಲಿಲ್ಲ, ಯಾರಿಗೂ ಹೇಳುವುದಿಲ್ಲ ಅಂತ ಅವರಿಗೆ ಆಣೆ ಮಾಡಿದ್ದೇನೆ, ಇನ್ನೊಂದು ಸುಳ್ಳಿನ ಪಾಪ ಬೇಡ ಅಂದಳು. ಗಂಗಾದೇವಿ ಎರಡು ಮೂರು ದಾರಿಯಿಂದ ಕೇಳಿ ನೋಡಿದಳು. ಹುತ್ತ ಬಡಿದರೆ ಹಾವು ಸಾಯುವುದಿಲ್ಲ ಅಂತ ಸುಮ್ಮನಾದಳು. ಆಣೆಗಿಂತ ದೊಡ್ಡ ಕೆಲಸ ಮುಂದಿತ್ತು.

"ಸಹಿ ಮಾಡ್ತೀರೋ ಇಲ್ಲೋ, ರಾಜಬೀ?"

ರಾಜಬೀ ಮೊದಲ ಸಲ ಗೋಡೆಯಿಂದ ಮುಖ ತಿರುಗಿಸಿದಳು. ಬಾಗಿಲಾಚೆ ಬೆಂಚಿನ ತುದಿ ಕಾಣುತ್ತಿತ್ತು, ಅದರ ಕೆಳಗೆ ಗಂಡನ ಮಣ್ಣುಬಣ್ಣದ ಚಪ್ಪಲಿ.

"ಅವರಿಗೆ ನೀವ ಹೇಳ್ರಿ. ನನ್ನ ಬಾಯಿಂದ ಆಗೂದಿಲ್ಲ. ಎಲ್ಲಾ ಕೇಳಿ, ಒಳಗ ಬಂದು ಅವರು ಒಂದ್ ಹೂಂ ಅಂದ್ರ ಸಾಕು, ಸಹಿ ಮಾಡತೀನಿ. ಅನ್ನಲಿಲ್ಲ ಅಂದ್ರ ನಾ ಹಿಂಗ ಹೋದ್ರೂ ಚಲೋನ."

ಗಂಗಾದೇವಿ ಎದ್ದಳು. ಒಬ್ಬಳ ಜೀವ ಇನ್ನೊಬ್ಬನ ಒಂದು ಅಕ್ಷರದ ಮೇಲೆ ನಿಂತದ್ದನ್ನು ಅವಳು ಇಷ್ಟು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ.

ಸರದಾರಸಾಬ ಬೆಂಚಿನ ಮೇಲೆ ಟೊಪ್ಪಿಗೆ ಬಿಚ್ಚಿ ಮೊಣಕಾಲ ಮೇಲಿಟ್ಟುಕೊಂಡಿದ್ದ. ಅವಳು ಪಕ್ಕದಲ್ಲಿ ಕೂತಳು. ಮಾತು ಎಲ್ಲಿಂದ ಶುರು ಮಾಡಬೇಕು ಅಂತ ಹುಡುಕುತ್ತಿರುವಾಗ ಅವನೇ ಶುರು ಮಾಡಿದ.

"ಆಕಿ ಹೇಳಿದ್ಳೇನ್ರಿ?"

"ನಿಮಗ ಗೊತ್ತಿತ್ತು."

"ಅವತ್ತ ಗೊತ್ತಾತು. ಕಾರ್ಡಿನ ಕೆಲಸ ಐತಿ, ಮಾರಿ ತೋರಸ್ರಿ, ಕಣ್ಣು ಮಿಟಕಸ್ರಿ ಅಂದ್ಳು. ನನಗ ಎರಡೂ ಕಣ್ಣು ಒಮ್ಮೆಲೆ ಮುಚ್ಚಾಕ ಬರೂದಿಲ್ಲರಿ, ಭಟ್ಟಿ ನೋಡಿ ನೋಡಿ ಒಂದ ಮುಚ್ಚತೈತಿ. ಫೋನು ಒಪ್ಪಲಿಲ್ಲ. ಮತ್ತ ಮತ್ತ ಮಾಡಿಸಿದ್ಳು. ಹಿಂದಿನ ಸಲ ರೇಶನ್ ಕಾರ್ಡಿಗೆ ಹಿಂಗ ಆದಾಗ ನಕ್ಕಿದ್ಳು. ಅವತ್ತ ನಗಲಿಲ್ಲ. ಬೆಂಕಿ ಬಣ್ಣ ನೋಡವಗ ಹೇಣ್ತಿ ಮಾರಿ ಬಣ್ಣ ತಿಳಿಯೂದಿಲ್ಲೇನ್ರಿ?"

"ಕೇಳಬೇಕಾಗಿತ್ತಲ್ಲ."

"ಕೇಳಿದ್ರ ಆಕಿ ಸುಳ್ಳ ಹೇಳಬೇಕಾಗತಿತ್ತು. ಮಾಯಕ್ಕನ ಮಗಳ ಲಗ್ನ ಆತು, ಎಲ್ಲಾ ತಿಳೀತು. ನಂದು ಆಕಿದು ಅಂತ ಬ್ಯಾರೆ ಐತೇನ್ರಿ? ಸುಮ್ಮನ ಕಣ್ಣು ಮಿಟಕಸಿದೆ."

ಟೊಪ್ಪಿಗೆಯನ್ನು ತಲೆಗೆ ಹಾಕಿಕೊಂಡ, ಮತ್ತೆ ತೆಗೆದ. ರಾಜಬೀಗೆ ಅವನ ಒಂದು ಹೂಂ ಬೇಕಾಗಿದೆ ಅನ್ನುವುದನ್ನು ಗಂಗಾದೇವಿ ಹೇಳಿದಳು. ಅವನು ತಕ್ಷಣ ಎದ್ದ. ಒಂದಲ್ಲ ನೂರು ಸಲ ಅನ್ನುತ್ತೇನೆ ಅಂದ. ಎರಡು ಹೆಜ್ಜೆ ಇಟ್ಟವನನ್ನು ಅವಳೇ ತಡೆದಳು. ತಡೆಯಬಾರದಿತ್ತು ಅಂತ ಆಮೇಲೆ ಬಹಳ ಸಲ ಅಂದುಕೊಂಡಳು. ಆದರೆ ಬೇಟೆಯ ನಾಯಿಗೆ ಮೂಗು ಮುಚ್ಚಿಕೊಳ್ಳಲು ಬರುವುದಿಲ್ಲ.

"ಸರದಾರಸಾಬರ, ಎರಡನೇ ಸಲ?"

ಅವನು ನಿಂತಲ್ಲೇ ನಿಂತ.

"ರಾಜಬೀ ತಗದದ್ದು ಒಂದೇ ಸಲ. ಎರಡನೇ ಸಲ ಫೋನು ಹಿಡದವರು ಯಾರು?"

ಸರದಾರಸಾಬನ ಮುಖದಲ್ಲಿ ಬಣ್ಣ ಇಳಿಯಿತು. ಮೆಲ್ಲಗೆ ಮತ್ತೆ ಬೆಂಚಿಗೆ ಬಂದು ಕೂತು 'ಒಂದೇ ಸಲ' ಅಂತ ತಾನೇ ಹೇಳಿ ನೋಡಿಕೊಂಡ. ಎಡಗಣ್ಣು ತಾನಾಗಿ ಮುಚ್ಚಿತು, ಕಿಂಡಿಯಲ್ಲಿ ನೋಡುವವನ ಹಾಗೆ.

"ಆಕಿನ ಕಳಸ್ಯಾಳ ಅಂದ," ಅಂದ. "ಅಮ್ಮಿ ಹೇಳ್ಯಾರ, ಆದ್ರ ಅವರ ಮುಂದ ಮಾತ ತಗೀಬ್ಯಾಡ್ರಿ, ನಾಚತಾರ ಅಂದ. ಆಕಿ ಆಸ್ಪತ್ರಿಯಾಗ ಇದ್ಳು. ಔಷಧಕ್ಕ ಬೇಕಾಗಿರಬೇಕು ಅಂದಕೊಂಡೆ. ಮದಲನೇ ಸಲ ಕೇಳಿರಲಿಲ್ಲ. ಎರಡನೇ ಸಲ ಏನಂತ ಕೇಳಲ್ರಿ? ಎರಡೂ ಕಣ್ಣು ಮಾಮೂ, ಎರಡೂ ಕಣ್ಣು ಅನಕೋತ ಮಾಡಿಸಿದ."

ಮಾಮೂ.

ಸರದಾರಸಾಬನನ್ನು ಹಾಗೆ ಕರೆಯುವವನು ಒಬ್ಬನೇ ಇದ್ದ, ಅಳಿಯ ಉಜೈರ. ಖಡೇಬಜಾರಿನ ಬಟ್ಟೆ ಅಂಗಡಿಯಲ್ಲಿ ಲೆಕ್ಕ ನೋಡಿಕೊಳ್ಳುವವನು, ಕಡಿತ, ತೆರಿಗೆ ಎಲ್ಲ ಬಾಯಿಪಾಠ ಇರುವವನು. ಅತ್ತೆಗೆ ಮೊದಲ ಸಲ ಮೂರು ತುಂಡು ಜೋಡಿಸಿ ಕೊಟ್ಟು, ಒಂದು ಚಹಾದ ದುಡ್ಡೂ ಮುಟ್ಟದೆ, ಆಣೆ ಮಾತ್ರ ಮಾಡಿಸಿಕೊಂಡವನು. ಮಾವನ ದುಡ್ಡನ್ನು ಆಗಲೇ ತನ್ನದು ಅಂದುಕೊಂಡಿದ್ದವನು. ಅದೇ ದುಡ್ಡನ್ನು ಆಪರೇಶನ್ನಿಗೆ ಸಾಲವಾಗಿ ಕೊಟ್ಟು ಅದೇ ಮಾವನ ಮನೆ ಬರೆಸಿಕೊಳ್ಳುತ್ತಿರುವವನು. ಕಡಿತಕ್ಕೆ ಹೆದರುವವರು ಮನೆಯವರು ಅಂತ ಗಂಗಾದೇವಿ ಬೆಳಿಗ್ಗೆ ಕಂಡುಕೊಂಡಿದ್ದಳು. ಆದರೆ ಅಳಿಯನೂ ಮನೆಯವನೇ ಎಂಬುದನ್ನು ಮರೆತಿದ್ದಳು. ಅತ್ತವನ ಕಣ್ಣೀರು ಅವಳ ಕಣ್ಣನ್ನು ಮುಚ್ಚಿತ್ತು.

"ಈಗ ಹೇಳಬ್ಯಾಡ್ರಿ ಅಕ್ಕಾರ," ಅಂತ ಸರದಾರಸಾಬ ಅವಳ ಮುಂಗೈ ಹಿಡಿದ. ಗೆರೆಯಿಲ್ಲದ ಬೆರಳು, ಹಂಚಿನಷ್ಟು ಒರಟು. "ನಾಳಿ ಒಂದ ದಿನ. ಮನಿ ಹೋಗಲಿ. ಅವನು ರೊಕ್ಕ ಕಟ್ಟಲಿ. ಆಕಿ ಉಳೀಲಿ. ಆಮ್ಯಾಲ ಏನರೆ ಮಾಡ್ರಿ."

ಗಂಗಾದೇವಿ ಮಾತು ಕೊಡುವ ಮೊದಲೇ ಮೆಟ್ಟಿಲ ಕಡೆಯಿಂದ ಉಜೈರ ಬಂದ. ಒಂದು ಕೈಯಲ್ಲಿ ಟಿಫಿನ್ ಡಬ್ಬಿ, ಬಗಲಲ್ಲಿ ಚರ್ಮದ ಚೀಲ. ದಣಿದಿದ್ದ, ಆದರೆ ಮುಖದಲ್ಲಿ ಒಂದು ಕೆಲಸ ಮುಗಿಸಿ ಬಂದವನ ಕಳೆಯಿತ್ತು.

"ಚಲೋ ಆತು ಅಕ್ಕಾರ, ಇಲ್ಲೇ ಸಿಕ್ರಿ," ಅಂದ. "ಸುಮಿತನ್ನ ಪೊಲೀಸರು ಒಯ್ದ್ರು. ನಾನ ಹೋಗಿ ಕಂಪ್ಲೇಂಟ್ ಕೊಟ್ಟ ಬಂದೆ. ಗಾಜಿನ ಚೂರು ಗುಡಸಕೋತ ನಿಂತಿದ್ದ, ಹಂಗ ಗಾಡ್ಯಾಗ ಕುಂದರಿಸಿಕೊಂಡ್ರು."

ಸಂಜೆಯ ಒಳಗೆ ಹೆಸರು ತೊಳೆದು ಕೊಡುತ್ತೇನೆ ಅಂದ ಮಾತು ಗಂಗಾದೇವಿಯ ಕಿವಿಯಲ್ಲಿ ಇನ್ನೂ ಬಿಸಿಯಾಗಿತ್ತು.

ಉಜೈರ ಟಿಫಿನ್ ಡಬ್ಬಿಯನ್ನು ಬೆಂಚಿನ ಮೇಲಿಟ್ಟ. ಚೀಲದ ಬಾಯಿ ಬಿಚ್ಚಿ, ನೋಟಿನ ಕಟ್ಟುಗಳನ್ನು ಪಕ್ಕಕ್ಕೆ ಸರಿಸಿ, ಅಡಿಯಿಂದ ಮಡಿಸಿದ ಕಾಗದವೊಂದನ್ನು ತೆಗೆದ. ನಿಮ್ಮ ತನಿಖೆಯಲ್ಲೂ ಸುಮಿತನೇ ಅಂತ ಬಂದಿದೆ ಅನ್ನುವುದಕ್ಕೆ ಒಂದು ಸಹಿ ಬೇಕು, ಪೊಲೀಸರು ಕೇಳಿದ್ದಾರೆ, ಹೊರಗೆ ಅವರ ಮನುಷ್ಯ ಕಾಯುತ್ತಿದ್ದಾನೆ ಅಂದ. ಜೇಬಿನಿಂದ ಪೆನ್ನು ತೆಗೆದು, ಮುಚ್ಚಳ ತಾನೇ ಬಿಚ್ಚಿ ಅವಳ ಕೈಗೆ ಕೊಟ್ಟ.

"ಅಮ್ಮಿ ಒಪ್ಪ್ಯಾರಂದ್ರ ಹಿಂಗ ಕೆಳಗ ಹೋಗಿ ರೊಕ್ಕ ಕಟ್ಟತೀನಿ. ಕೌಂಟರು ಮುಚ್ಚೂ ಹೊತ್ತಾತು. ಮದಲ ಇದೊಂದು ಮುಗಿಸ್ರಿ ಅಕ್ಕಾರ."

ಹೇಳುವಾಗ ಅವನು ಗಂಗಾದೇವಿಯನ್ನು ನೋಡಲಿಲ್ಲ. ಮಾವನನ್ನು ನೋಡುತ್ತಿದ್ದ. ಬಹಳ ಹೊತ್ತು ನೋಡಿದ. ಸರದಾರಸಾಬ ಎರಡೂ ಕಣ್ಣು ಮುಚ್ಚಿಕೊಂಡು ಕೂತಿದ್ದ.

ನಮಗೆ ತಿಳಿದದ್ದು ಉಜೈರನಿಗೆ ಗೊತ್ತಾಗಿದೆ, ಅಂದುಕೊಂಡಳು ಗಂಗಾದೇವಿ. ಕಾಗದದ ಮೇಲೆ ಸುಮಿತನ ಹೆಸರಿತ್ತು, ಅದರ ಕೆಳಗೆ ಅವಳ ಸಹಿಗೆಂದು ಬಿಟ್ಟ ಜಾಗ. ಸಹಿ ಹಾಕಿದರೆ ಸುಮಿತ ಜೈಲಿಗೆ, ಹಾಕದಿದ್ದರೆ ಚೀಲದ ದುಡ್ಡು ಕೌಂಟರಿಗೆ ಹೋಗುವುದಿಲ್ಲ.

ವಾರ್ಡಿನ ಒಳಗಿನಿಂದ ರಾಜಬೀಯ ಸಣ್ಣ ದನಿ ಬಂತು.

"ಅಕ್ಕಾರ, ಏನಂದ್ರರಿ ಅವರು?"